ನಾಲ್ಕು ಗಂಟೆಯ ಗೃಹಸ್ಥ

ಜನವರಿ ೯

ಭಾವಮೈದನಾದ ಶ್ರೀಮಾನ್ ತಿರುಪುಳಿರಾಯನಿಗೆ,

ಈ ಮೂಲಕ ಸಮಸ್ತ ಲೋಕಕ್ಕೂ, ವಿಶೇಷವಾಗಿ ನಿನಗೂ, ಪ್ರಕಟಪಡಿಸುವುದೇನೆಂದರೆ: ನನ್ನ ರೇಡಿಯೋ ಮೇಜಿನ ಎಡಗಡೆಯ ಹಿಂದಿನ ಕಾಲು ಇಂದು ಬೆಳಿಗ್ಗೆ ಒಂಬತ್ತೂಕಾಲಿನಿಂದ ಅಲ್ಲಾಡುವುದನ್ನು ನಿಲ್ಲಿಸಿದೆ. ಹನ್ನೊಂದು ವರ್ಷ ಅಲ್ಲಾಡಿದ ಕಾಲು. ರಟ್ಟು ಇಟ್ಟು ನೋಡಿದೆ, ಮರದ ಚಕ್ಕೆ ಇಟ್ಟು ನೋಡಿದೆ, ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟು ನೋಡಿದೆ. ಕೊನೆಗೆ ನಾಲ್ಕು ವರ್ಷದ ಹಿಂದೆ ನೀನು ನನಗೆ ಬರೆದ ಕಡೆಯ ಪತ್ರವನ್ನು ಎಂಟು ಮಡಿಕೆ ಮಾಡಿ ಇಟ್ಟೆ. ಬಂಡೆಯಂತೆ ಕೂತಿತು. ಆ ಪತ್ರಕ್ಕೆ ಇಷ್ಟು ತೂಕವಿದೆಯೆಂದು ಓದಿದಾಗ ಗೊತ್ತಾಗಿರಲಿಲ್ಲ.

ನೀನು ನನ್ನ ಫೋನು ಎತ್ತುವುದಿಲ್ಲ. ಎತ್ತಬೇಡ. ನನಗೆ ಬೇಕಾಗಿರುವುದು ನಿನ್ನ ಬಾಯಲ್ಲ, ಕಿವಿ.

ನಮ್ಮ ಶ್ರೋತೃ ಸಂಘದ ನಿಯಮ ನಿನಗೆ ಮರೆತಿರಲಾರದು. ಶಾರ್ಟ್‌ವೇವ್‌ನಲ್ಲಿ ಯಾರು, ಎಲ್ಲಿಂದ, ಯಾಕೆ ಎಂದು ತಿಳಿಯದ ಸದ್ದೊಂದು ಕೇಳಿದರೆ ಸಂಘಕ್ಕೆ ಬರೆಯಬೇಕು. ಬೇರೆ ಊರಿನ ಇನ್ನೊಬ್ಬ ಸದಸ್ಯ 'ನಾನೂ ಕೇಳಿದೆ' ಎಂದು ಅಂಚೆಯ ಮೂಲಕವೇ ತಿಳಿಸಬೇಕು, ಯಾಕೆಂದರೆ ಅಂಚೆಯ ಮುದ್ರೆ ಸುಳ್ಳು ಹೇಳುವುದಿಲ್ಲ. ಆಮೇಲಷ್ಟೇ ಆ ಸದ್ದು ನಮ್ಮ ಪಟ್ಟಿಗೆ ಸೇರುತ್ತದೆ, ಮೊದಲು ಕೇಳಿದವನು ಅದಕ್ಕೆ ಹೆಸರಿಡುತ್ತಾನೆ. ಒಂದು ಕಿವಿ ಕೇಳಿದ್ದು ಭ್ರಮೆ, ಎರಡು ಕಿವಿ ಕೇಳಿದ್ದು ಸಿಗ್ನಲ್. ಮಾರ್ಚ್ ಕೊನೆಗೆ ಈ ವರ್ಷದ ಪಟ್ಟಿ ಮುಚ್ಚುತ್ತದೆ.

ನವೆಂಬರಿನಿಂದ ದಿನಾ ಸಂಜೆ ನಾಲ್ಕಕ್ಕೆ ಒಂದು ಸಿಗ್ನಲ್ ಕೇಳುತ್ತಿದ್ದೇನೆ. ಐದು ಸಾವಿರದ ನೂರು ಕಿಲೋಹರ್ಟ್ಸ್‌ನಲ್ಲಿ. ಮೂವತ್ತೊಂದು ವರ್ಷ ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ದುಡಿದವನು ನಾನು. ಮುಳುಗುವ ಹಡಗುಗಳ ಕೂಗು ಕೇಳಿದ್ದೇನೆ, ಕುಡಿದ ಕ್ಯಾಪ್ಟನ್ನುಗಳ ಹಾಡು ಕೇಳಿದ್ದೇನೆ. ಇಷ್ಟು ಹೇಸಿಗೆಯ ಸದ್ದನ್ನು ಕೇಳಿಲ್ಲ. ಯಾರೋ ಮುದುಕ ಗಂಟಲ ತುಂಬ ಕಫ ತುಂಬಿಕೊಂಡು, ಉಗುಳಲೂ ಮನಸ್ಸಿಲ್ಲದೆ ನುಂಗಲೂ ಮನಸ್ಸಿಲ್ಲದೆ, ಹನ್ನೆರಡು ನಿಮಿಷ ಗಳಗಳ ಗಳಗಳ ಎನ್ನಿಸಿದ ಹಾಗೆ. ಕೊನೆಗೆ ಸಣ್ಣಗಾಗಿ ನಿಲ್ಲುತ್ತದೆ. ಹೆಡ್‌ಫೋನ್ ತೆಗೆದಮೇಲೆ ಕಿವಿಗೆ ಸೋಪು ಹಚ್ಚಿ ತೊಳೆಯಬೇಕೆನಿಸುತ್ತದೆ. 'ಕಫ' ಎಂದು ಹೆಸರಿಟ್ಟಿದ್ದೇನೆ. ಯಾವುದೋ ದೇಶದ ಗುಪ್ತ ಸಂಕೇತ, ಸಂದೇಹವಿಲ್ಲ. ಬೇರಾವ ಸದಸ್ಯನಿಗೂ ಕೇಳಿಸಿಲ್ಲವಂತೆ. ಅವರ ಕಿವಿಗಳು ಇರುವುದು ಕನ್ನಡಕದ ಕಡ್ಡಿ ನಿಲ್ಲಿಸಲಿಕ್ಕೆ.

ಲೆಕ್ಕಕ್ಕೆ ನೀನಿನ್ನೂ ಸದಸ್ಯ. ಒಂದು ದಿನ ನಾಲ್ಕು ಗಂಟೆಗೆ ನಿನ್ನ ಹಳೆಯ ಸೆಟ್ಟು ಹಚ್ಚಿ ಕೇಳು, ಎರಡು ಸಾಲು ಬರೆ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಸ್ವಲ್ಪ ಕೆಮ್ಮು. ನಾನು ಕೇಳುವ ಹೊತ್ತಿಗೇ ಕೆಮ್ಮುತ್ತಾಳೆಂದು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ಕೆಮ್ಮಲು ಹೇಳಿದ್ದೇನೆ. ಎಲ್ಲರಿಗೂ ಅನುಕೂಲ.

ಇತಿ,
ನಿನ್ನ ಅಕ್ಕನ ಯಜಮಾನನೆಂದು ಜನ ತಿಳಿದಿರುವ,
ಭಾವ


ಜನವರಿ ೨೬

ಭಾವನವರಿಗೆ,

ನನ್ನ ಪತ್ರ ನಿಮ್ಮ ಮೇಜಿನ ಕಾಲಿಗೆ ಉಪಯೋಗವಾದದ್ದು ತಿಳಿದು ಸಂತೋಷವಾಯಿತು. ನಾನು ಕಂಡುಹಿಡಿದ 'ಗರಗಸ' ನಿಮ್ಮ ಹೆಸರಿಗೆ ಉಪಯೋಗವಾದಷ್ಟೇನೂ ಅಲ್ಲ, ಬಿಡಿ.

ಮರೆತಿದ್ದರೆ ನೆನಪಿಸುತ್ತೇನೆ. ಆ ಗರಗಸದ ಸದ್ದು ಯಾರದೋ ರೇಡಾರ್ ಅಲ್ಲ, ಪ್ಲಾಸ್ಟಿಕ್ ಚೀಲ ಬೆಸೆಯುವ ಕಾರ್ಖಾನೆಯ ಯಂತ್ರ ಎಂದು ಎರಡು ತಿಂಗಳು ಅಲೆದು ಪತ್ತೆಮಾಡಿದವನು ನಾನು. ನಿಮಗೆ ಬರೆದು ತಿಳಿಸಿದೆ. ಮುಂದಿನ ತಿಂಗಳು ಸಂಘದ ಪತ್ರಿಕೆಯಲ್ಲಿ ಅದು ನಿಮ್ಮ ಹೆಸರಿನಲ್ಲಿ ಬಂತು, ನಿಮ್ಮ ಫೋಟೋ ಸಮೇತ. ಕೇಳಿದರೆ 'ಜಾಗ ಸಾಲಲಿಲ್ಲ, ಒಂದು ಹೆಸರು ಬಿಡಬೇಕಾಯಿತು' ಅಂದಿರಿ. ಆವತ್ತೇ ಸೆಟ್ಟಿಗೆ ಬಟ್ಟೆ ಮುಚ್ಚಿದೆ. ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ. ಬೆಕ್ಕಿಗೂ ಅದರಿಂದ ಏನೂ ಕೇಳಿಸುತ್ತಿಲ್ಲ, ಆರೋಗ್ಯವಾಗಿದೆ.

ನನ್ನ ಕೆಲಸ ನಿಮಗೆ ಗೊತ್ತು. ಮೂರು ಆಸ್ಪತ್ರೆಗಳ ಯಂತ್ರಗಳು ನನ್ನ ವರ್ಕ್‌ಶಾಪಿಗೆ ಬರುತ್ತವೆ. ಕೊಳವೆ ಬಿಚ್ಚಿದರೆ ಯಾರದೋ ಎಂಜಲು, ಡಬ್ಬಿ ಬಿಚ್ಚಿದರೆ ಯಾರದೋ ರಕ್ತ. ದಿನವಿಡೀ ನಿಜವಾದ ಕಫ ಉಜ್ಜಿ ತೊಳೆಯುವವನು ಮನೆಗೆ ಹೋಗಿ ರೇಡಿಯೋದಲ್ಲೂ ಅದನ್ನೇ ಕೇಳಬೇಕೇ? ಕ್ಷಮಿಸಿ, ನನ್ನಿಂದಾಗದು.

ಅಕ್ಕನ ಕೆಮ್ಮು ಎಷ್ಟು ದಿನದ್ದು? ಡಾಕ್ಟರಿಗೆ ತೋರಿಸಿದ್ದೀರಾ? ಅವಳು ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕಿ ಹಾಕಿ ಹಳೆಯ ಕಾಗದದ ದೂಳನ್ನೆಲ್ಲ ಉಸಿರಾಡುತ್ತಾಳೆ. ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬೇಕು.

ನಮಸ್ಕಾರಗಳು,
ನಿಮ್ಮ ಭಾವಮೈದ


ಫೆಬ್ರವರಿ ೧೧

ತಿರುಪುಳಿರಾಯನಿಗೆ,

ಬೆಕ್ಕನ್ನು ಎಬ್ಬಿಸು. ಇದರ ಜೊತೆಗೆ ಒಂದು ಕ್ಯಾಸೆಟ್ಟನ್ನೂ ನನ್ನ ದಾಖಲೆ ಪುಸ್ತಕದ ಪ್ರತಿಯನ್ನೂ ಕಳಿಸುತ್ತಿದ್ದೇನೆ. ಎರಡೂ ಬದಿ ಕೇಳು. ಕೇಳಿದಮೇಲೂ ನಿನ್ನ ಮನಸ್ಸು ಕರಗದಿದ್ದರೆ ನಿನ್ನ ಎದೆಯಲ್ಲಿರುವುದು ಹೃದಯವಲ್ಲ, ನಟ್ಟು ಬೋಲ್ಟು.

ವಿಷಯ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಮೊದಲನೆಯದಾಗಿ, ಕಫ ಒಂದು ಕಡೆ ಅಲ್ಲ, ಮೂರು ಕಡೆ ಕೇಳುತ್ತದೆ. ಮೂರು ಸಾವಿರದ ನಾನೂರು, ಐದು ಸಾವಿರದ ನೂರು, ಆರು ಸಾವಿರದ ಎಂಟುನೂರು. ಮೂರೂ ಒಂದೇ ಉಸಿರಿಗೆ ಶುರುವಾಗಿ ಒಂದೇ ಉಸಿರಿಗೆ ನಿಲ್ಲುತ್ತವೆ. ಮೂರು ಸ್ಟೇಷನ್ನುಗಳು, ಇಷ್ಟು ಒಗ್ಗಟ್ಟು! ನಮ್ಮ ಸಂಘದ ಕಮಿಟಿಯಲ್ಲಿ ಮೂರು ಜನ ಒಟ್ಟಿಗೆ ಕುರ್ಚಿಯಿಂದ ಏಳುವುದಿಲ್ಲ. ಮೂರು ಸಾವಿರಕ್ಕಿಂತ ಕೆಳಗೆ ಹುಡುಕಲಿಲ್ಲ. ಅಲ್ಲಿ ಸಿನಿಮಾ ಹಾಡು, ಸೋಪಿನ ಜಾಹೀರಾತು. ಆ ಗಲ್ಲಿಗೆ ನಾನು ಕಾಲಿಡುವವನಲ್ಲ.

ಎರಡನೆಯದಾಗಿ, ಆಪರೇಟರುಗಳು ಇಬ್ಬರಿದ್ದಾರೆ. ಒಬ್ಬನನ್ನು ನಾನು ಗೃಹಸ್ಥ ಎಂದು ಕರೆಯುತ್ತೇನೆ. ದಿನಾ ಸಂಜೆ ನಾಲ್ಕು ಗಂಟೆಗೆ, ಗಡಿಯಾರ ಇವನನ್ನು ನೋಡಿ ಸರಿಮಾಡಿಕೊಳ್ಳಬೇಕು ಅಂಥ ಸಮಯಕ್ಕೆ ಬರುತ್ತಾನೆ. ಹನ್ನೆರಡು ನಿಮಿಷ, ಒಂದೇ ಸಮನೆ, ಕೈ ನಡುಗದೆ. ಸದ್ದು ಹೊಲಸಾದರೂ ಮನುಷ್ಯ ಶಿಸ್ತಿನವನು. ಹಡಗಿನಲ್ಲಿ ನನ್ನ ಕೈಕೆಳಗೆ ಇಂಥವನೊಬ್ಬ ಇದ್ದಿದ್ದರೆ ಮಗಳು ಇಲ್ಲದಿದ್ದರೂ ಅಳಿಯ ಅನ್ನುತ್ತಿದ್ದೆ.

ಇನ್ನೊಬ್ಬ ಪುಂಡ. ಇವನಿಗೆ ಹೊತ್ತಿಲ್ಲ ಗೊತ್ತಿಲ್ಲ. ಇದ್ದಕ್ಕಿದ್ದ ಹಾಗೆ ಗಾಳಿಗೆ ನುಗ್ಗುತ್ತಾನೆ, ಎರಡು ನಿಮಿಷ ಗೊರಗುಟ್ಟುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಹಚ್ಚುತ್ತಾನೆ. ದಾಖಲೆಯಲ್ಲಿ ಅವನ ಮುಂದೆ ನನ್ನ ಅಭಿಪ್ರಾಯಗಳನ್ನೂ ಬರೆದಿದ್ದೇನೆ. 'ಡಿಸೆಂಬರ್ ೧೪, ಹನ್ನೊಂದೂ ಹತ್ತು: ನಾಲ್ಕು ನಿಮಿಷ ಕಕ್ಕಿ ನಿಲ್ಲಿಸಿದ. ನಾಚಿಕೆಗೆಟ್ಟವನು.' 'ಜನವರಿ ೨೨, ಬೆಳಿಗ್ಗೆ ಆರೂವರೆ: ಮುಖ ತೊಳೆಯುವ ಮೊದಲೇ ಬಂದು ಉಗುಳಿದ.' 'ಫೆಬ್ರವರಿ ೩, ಒಂದೇ ದಿನ ಮೂರು ಸಲ: ಇಂಥ ದರಿದ್ರದವನ ಲೈಸೆನ್ಸ್ ಕಿತ್ತುಕೊಳ್ಳಬೇಕು.' ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಮಾತ್ರ ಅವನ ಸುಳಿವಿಲ್ಲ. ಅವನ ದೇಶದಲ್ಲಿ ಆವತ್ತು ರಜೆಯಿರಬೇಕು. ಆ ಮೂರು ಬೆಳಿಗ್ಗೆ ನನಗೂ ನೆಮ್ಮದಿ.

ಪುಂಡನ ಹಾವಳಿ ಹೆಚ್ಚುತ್ತಿದೆ. ನವೆಂಬರಿನಲ್ಲಿ ಮೂರು ಸಲ, ಡಿಸೆಂಬರಿನಲ್ಲಿ ಏಳು, ಜನವರಿಯಲ್ಲಿ ಹದಿನಾರು, ಈ ತಿಂಗಳ ಹತ್ತೇ ದಿನದಲ್ಲಿ ಹನ್ನೊಂದು. ನನ್ನ ಅನುಭವದಿಂದ ಹೇಳುತ್ತೇನೆ, ಎಲ್ಲೋ ಏನೋ ದೊಡ್ಡದು ಆಗಲಿಕ್ಕಿದೆ.

ನಿನ್ನ ಒಂದು ಪ್ರಶ್ನೆಗೆ ಉತ್ತರ: ಕೆಮ್ಮು ಕಡಿಮೆಯಾಗಿದೆ. ಬಾಗಿಲು ಮುಚ್ಚಿದಮೇಲಂತೂ ಕೇಳಿಸುವುದೇ ಇಲ್ಲ.

ಇತಿ,
ಉತ್ತರದ ನಿರೀಕ್ಷೆಯಲ್ಲಿ,
ಭಾವ


ಫೆಬ್ರವರಿ ೨೦

ಅಕ್ಕಾ,

ಈ ಪತ್ರವನ್ನು ಲೈಬ್ರರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮನೆಗೆ ಬರೆದರೆ ಭಾವ ಒಡೆಯುತ್ತಾರೆಂದಲ್ಲ. ನೀನು ಅವರೆದುರು ಓದುವಾಗ ನಿನ್ನ ಮುಖ ಏನಾದರೂ ಹೇಳಿಬಿಟ್ಟೀತೆಂದು.

ಭಾವ ಕಳಿಸಿದ ಕ್ಯಾಸೆಟ್ಟನ್ನು ವರ್ಕ್‌ಶಾಪಿನಲ್ಲಿ ಹಾಕಿದೆ. ಅರ್ಧ ನಿಮಿಷ ಸಾಕಾಯಿತು. ಆ ಸದ್ದಿನ ಮೂಲ ನನ್ನ ಮೇಜಿನ ಮೇಲೆಯೇ ಇತ್ತು. ರಿಪೇರಿಗೆ ಬಂದ ನೆಬ್ಯುಲೈಸರ್, ಉಸಿರಾಟದ ತೊಂದರೆಯವರಿಗೆ ಔಷಧಿಯನ್ನು ಮಂಜು ಮಾಡಿ ಕೊಡುವ ಯಂತ್ರ. ಅದರ ಹಳೆಯ ಮಾದರಿಯಲ್ಲಿ ಒಂದು ಬಿಲ್ಲೆಯಿದೆ. ಸೆಕೆಂಡಿಗೆ ಹದಿನೇಳು ಲಕ್ಷ ಸಲ, ಅಂದರೆ ಸಾವಿರದ ಏಳುನೂರು ಕಿಲೋಹರ್ಟ್ಸ್‌ನಲ್ಲಿ, ನಡುಗುತ್ತದೆ. ಪಕ್ಕದಲ್ಲಿ ಕೂತವರಿಗೂ ಸದ್ದು ಕೇಳಿಸುವುದಿಲ್ಲ, ಆದರೆ ಒಳಗಿನ ತಗಡಿನ ಕವಚ ಕಳಚಿದ್ದರೆ ಹತ್ತಿರದ ರೇಡಿಯೋದಲ್ಲೆಲ್ಲ ಗಳಗಳ ಎನ್ನುತ್ತದೆ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಜಾಗದಲ್ಲಿ ಕೇಳುತ್ತದೆ. ಭಾವನವರ ಮೂರು ಸ್ಟೇಷನ್ನುಗಳು ಅವೇ. ಯಂತ್ರವನ್ನು ಮನೆಗೆ ಒಯ್ದು, ಸೆಟ್ಟಿನ ಮೇಲಿನ ಬೆಕ್ಕನ್ನು ಇಳಿಸಿ, ಹಚ್ಚಿ ನೋಡಿದೆ. ನನ್ನ ಯಂತ್ರ ಆಫ್ ಮಾಡಿದರೆ ಸದ್ದಿಲ್ಲ, ಆನ್ ಮಾಡಿದರೆ ಕಫ.

ಅದು ನೂರಾರು ಮೈಲಿ ಹೋಗುವ ಸದ್ದಲ್ಲ, ಅಕ್ಕ. ಒಂದು ಗೋಡೆ, ಹೆಚ್ಚೆಂದರೆ ಎರಡು ಗೋಡೆ ದಾಟುತ್ತದೆ. ಸೋಮ, ಬುಧ, ಶುಕ್ರ ಬೆಳಿಗ್ಗೆ ಪುಂಡನಿಗೆ ರಜೆಯಂತೆ. ನೀನು ಲೈಬ್ರರಿಗೆ ಹೋಗುವ ದಿನಗಳು ಯಾವುವು ಎಂದು ನನಗೆ ಗೊತ್ತು.

ಯಾವ ಡಾಕ್ಟರು ಕೊಟ್ಟರು? ಯಾವಾಗಿಂದ? ತಿಂಗಳಿಗೆ ಮೂರು ಸಲ ಇದ್ದದ್ದು ದಿನಕ್ಕೆ ಮೂರು ಸಲ ಆಗುವುದೆಂದರೆ ಏನೆಂದು ಈ ಯಂತ್ರಗಳ ನಡುವೆ ಬದುಕುವ ನನಗೆ ಗೊತ್ತಾಗುತ್ತದೆ. ಒಂದು ಮಾತ್ರ ತಿಳಿಯುತ್ತಿಲ್ಲ. ದಿನಾ ನಾಲ್ಕಕ್ಕೆ ಸರಿಯಾಗಿ ಹನ್ನೆರಡು ನಿಮಿಷ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಅದೇನು?

ನಿನ್ನ ತಮ್ಮ


ಫೆಬ್ರವರಿ ೨೮

ತಮ್ಮಾ,

ಹುಷಾರಾಗಿದ್ದೀಯಾ? ನಿನ್ನ ಪತ್ರವನ್ನು ಅಂಟಿನ ಡಬ್ಬಿಯ ಹಿಂದೆ ನಿಂತು ಓದಿದೆ. ಲೈಬ್ರರಿಯನ್ ಬಂದು, ಯಾಕೆ ನಗುತ್ತಿದ್ದೀರಿ ಎಂದು ಕೇಳಿದರು. ಮೂರು ಸ್ಟೇಷನ್ನುಗಳು ಎಂಬಲ್ಲಿ ನಗು ಬಂತು. ಯಂತ್ರ ಬಚ್ಚಿಟ್ಟಿರುವ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಮೂರು ಸ್ಟೇಷನ್ನುಗಳಿವೆಯಲ್ಲ ಅಂತ.

ಹೌದು, ನಾನೇ. ಕಳೆದ ಅಕ್ಟೋಬರಿನಲ್ಲಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ, ಏಳಲಾಗಲಿಲ್ಲ. ಎದುರಿನ ಕ್ಲಿನಿಕ್ಕಿನವರು ಔಷಧಿ ಕೊಟ್ಟು, ಅವರಲ್ಲಿದ್ದ ಹಳೆಯ ಯಂತ್ರವೊಂದನ್ನು ಬಳಸಲು ಕೊಟ್ಟರು. ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು. ತೋರಿಸಲಿಲ್ಲ. ನಿಮ್ಮ ಭಾವನಿಗೆ ಹೇಳೋಣ ಅಂತಲೇ ಇದ್ದೆ. ಹೇಳಲು ಅವರ ಕಿವಿ ಖಾಲಿ ಇರಬೇಕಲ್ಲ.

ನಾಲ್ಕು ಗಂಟೆಯದು ಕೇಳಿದೆಯಲ್ಲ. ನವೆಂಬರಿನಲ್ಲಿ ಒಂದು ದಿನ ಅಕಸ್ಮಾತ್ತಾಗಿ ನಾಲ್ಕಕ್ಕೆ ಯಂತ್ರ ಹಚ್ಚಿದೆ. ಮುಗಿಸಿ ಹೊರಗೆ ಬಂದರೆ ಇವರು ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು, ಅದರ ವೈರು ಬಾಲದ ಹಾಗೆ ಎಳೆದುಕೊಂಡು, ಅಡುಗೆಮನೆಗೆ ಬಂದು ನಿಂತಿದ್ದಾರೆ. ಅರ್ಧ ಗಂಟೆ ಮಾತಾಡಿದರು. ಮದುವೆಯಾದ ಹೊಸದರಲ್ಲೂ ನನ್ನ ಹತ್ತಿರ ಅಷ್ಟು ಮಾತಾಡಿರಲಿಲ್ಲ ಕಣೋ. ಆಗಲೇ ನನಗೆ ಗೊತ್ತಾಯಿತು, ಇವರು ಹೇಳುತ್ತಿರುವುದು ನನ್ನ ಯಂತ್ರದ ವಿಷಯ ಅಂತ. ಹೇಳಿಬಿಡಬಹುದಿತ್ತು. ಮರುದಿನ ನಾಲ್ಕಕ್ಕೆ ಮತ್ತೆ ಹಚ್ಚಿದೆ. ಆ ಹೊತ್ತಿಗೆ ನನಗೆ ಔಷಧಿ ಬೇಡ. ಬರೀ ನೀರು ಹಾಕಿ, ಮಾಸ್ಕನ್ನು ಮೊಳೆಗೆ ನೇತುಹಾಕಿ ಬಿಟ್ಟುಬಿಡುತ್ತೇನೆ. ಮಂಜೆಲ್ಲ ಕಿಟಕಿಯ ಹತ್ತಿರದ ಕುಂಡದ ಗಿಡಕ್ಕೆ ಹೋಗುತ್ತದೆ. ಗಿಡ ಚೆನ್ನಾಗಿ ಚಿಗುರಿದೆ. ನಾಲ್ಕೂಕಾಲಿಗೆ ಇವರು ಬರುತ್ತಾರೆ, ಚಹಾ ಮಾಡುತ್ತೇನೆ, ಎದುರು ಕೂತು ಆ ಗೃಹಸ್ಥನನ್ನು ಹೊಗಳುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಕೇಳುತ್ತೇನೆ. ನನ್ನನ್ನು ಯಾರೂ ಅಷ್ಟು ಹೊಗಳಿರಲಿಲ್ಲ.

ಪುಂಡನದು ಬೇರೆ. ಅದು ನಿಜವಾಗಿ ಉಸಿರು ಸಿಕ್ಕಿಹಾಕಿಕೊಂಡಾಗ. ಅವನನ್ನು ಇವರು ಬೈಯುವ ಪರಿ ಕೇಳಬೇಕು ನೀನು. ಮೊನ್ನೆ ಒಂದು ಸಲ ಮುಗಿಸಿ, ಬೆವರು ಒರೆಸಿಕೊಂಡು ಹೊರಗೆ ಬಂದೆ. 'ಕೇಳ್ದೇನೇ? ಆ ದರಿದ್ರದವನು ಮತ್ತೆ ವಕ್ಕರಿಸಿದ್ದ. ಅವನ ಗಂಟಲು ಹಿಸುಕೋರು ಯಾರೂ ಇಲ್ವಾ?' ಅಂದರು. 'ಇದಾರೆ, ಬಿಡಿ' ಅಂದೆ. ನಿಜ ಹೇಳಬೇಕೆಂದರೆ ಆವತ್ತು ನನಗೆ ಇವರ ಮುಖ ನೋಡಲೂ ಅಸಹ್ಯವಾಯಿತು. ಇವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ಈಗ ಏನು ಮಾಡುತ್ತೇನೆಂದರೆ, ಇವರು ಸೆಟ್ಟಿನ ಮುಂದೆ ಕೂತಿದ್ದರೆ ಆದಷ್ಟು ತಡೆದುಕೊಳ್ಳುತ್ತೇನೆ. ಬೈಗುಳ ಕೇಳಲು ಬೇಜಾರು. ಗೋಡೆಗೆ ಕೈಕೊಟ್ಟು ನಿಂತು ನೂರು ಎಣಿಸುತ್ತೇನೆ. ಕೆಲವು ಸಲ ಇನ್ನೂರೂ ಆಗುತ್ತದೆ. ಅಷ್ಟರಲ್ಲಿ ಇವರು ಕಾಲು ಸಡಿಲಿಸಲು ಎದ್ದರೆ ಹಚ್ಚುತ್ತೇನೆ.

ಇವರಿಗೆ ಹೇಳಬೇಡ. ಮಾರ್ಚ್ ಕೊನೆಗೆ ಆ ಪಟ್ಟಿ ಮುಚ್ಚುತ್ತದಂತೆ. ಆಮೇಲೆ ನಾನೇ ನಿಧಾನವಾಗಿ ಹೇಳುತ್ತೇನೆ.

ಆಶೀರ್ವಾದಗಳು,
ಅಕ್ಕ


ಮಾರ್ಚ್ ೪

ಭಾವನವರಿಗೆ,

ಅಕ್ಕ ಬೇಡವೆಂದರೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕ್ಯಾಸೆಟ್ ಕೇಳಿದ್ದೇನೆ. ನೀವು ಕೇಳಿದ ಎರಡನೆಯ ಕಿವಿಯ ವರದಿ, ಸಂಘದ ಕ್ರಮದಲ್ಲೇ, ಕೆಳಗಿದೆ.

ಸಿಗ್ನಲ್: ಕಫ. ಮೂಲ ಜಾಗ: ಸಾವಿರದ ಏಳುನೂರು ಕಿಲೋಹರ್ಟ್ಸ್, ನೀವು ಕಾಲಿಡದ ಗಲ್ಲಿ. ಅಲ್ಲಿ ಒಂದು ಸಲ ಇಳಿದಿದ್ದರೆ ಮೂರು ಸ್ಟೇಷನ್ನುಗಳ ತಾಯಿ ಸಿಗುತ್ತಿದ್ದಳು. ಯಂತ್ರ: ನೆಬ್ಯುಲೈಸರ್, ಔಷಧಿಯನ್ನು ಮಂಜು ಮಾಡುವುದು. ಸ್ಟೇಷನ್: ನಿಮ್ಮ ಮನೆಯ ಹಿಂದಿನ ಕೋಣೆ, ಕೆಮ್ಮಲು ನೀವೇ ಮಂಜೂರು ಮಾಡಿದ್ದು. ಆಪರೇಟರ್: ನಿಮ್ಮ ಹೆಂಡತಿ. ಗೃಹಸ್ಥ ಯಾರೆಂದು ಅವಳನ್ನೇ ಕೇಳಿ, ಅದು ಅವಳು ಹೇಳಬೇಕಾದ ಮಾತು. ಪುಂಡ ಯಾರೆಂದು ನಾನು ಹೇಳುತ್ತೇನೆ. ಉಸಿರು ಸಿಗದಿದ್ದಾಗ ನನ್ನ ಅಕ್ಕ.

ನಿಮ್ಮ ದಾಖಲೆಯನ್ನು ಇನ್ನೊಮ್ಮೆ ಓದಿ, ಭಾವ. ಮೂರು, ಏಳು, ಹದಿನಾರು, ಹತ್ತು ದಿನಕ್ಕೆ ಹನ್ನೊಂದು. ಎಲ್ಲೋ ಏನೋ ದೊಡ್ಡದು ಆಗಲಿಕ್ಕಿದೆ ಎಂದು ನೀವೇ ಬರೆದಿದ್ದೀರಿ, ಅದು ಮಾತ್ರ ಸರಿಯಾಗಿದೆ. ನೀವು ಸೆಟ್ಟಿನ ಮುಂದೆ ಕೂತಿರುವಾಗ ಬೈಸಿಕೊಳ್ಳಬಾರದೆಂದು ಅವಳು ಯಂತ್ರ ಹಚ್ಚದೆ ಗೋಡೆ ಹಿಡಿದು ಇನ್ನೂರು ಎಣಿಸುತ್ತಾಳೆ. ಒಂದು ಸಲ ನೀವು ಎಣಿಸಿ ನೋಡಿ, ಮೂಗು ಬಾಯಿ ಮುಚ್ಚಿಕೊಂಡು.

ರೋಗಿಗಳ ಉಗುಳು ತೊಳೆದು ನನಗೆ ಅಭ್ಯಾಸವಿದೆ, ಅಸಹ್ಯ ಆಗುವುದಿಲ್ಲ. ನಿಮ್ಮ ಅಭಿಪ್ರಾಯಗಳ ಕಾಲಂ ಓದಿ ಆಯಿತು. ಈ ವಾರ ಅವಳನ್ನು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. ತೋರಿಸದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಮತ್ತೆ ಕಳಿಸುವುದಿಲ್ಲ.

ಭಾವಮೈದ


ಏಪ್ರಿಲ್ ೨೧

ತಮ್ಮನಂಥ ಭಾವಮೈದನಿಗೆ,

ನಿನ್ನ ವರದಿ ಮಾರ್ಚ್ ಎಂಟಕ್ಕೆ ತಲುಪಿತು. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಗರಗಸದ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಅಂದುಕೊಂಡೆ. ನಿನ್ನನ್ನು ಸುಳ್ಳುಗಾರನೆಂದು ಸಾಬೀತುಮಾಡಲು ಸಣ್ಣ ಟ್ರಾನ್ಸಿಸ್ಟರೊಂದನ್ನು ಕೈಯಲ್ಲಿ ಹಿಡಿದುಕೊಂಡು ನಾಲ್ಕಕ್ಕೆ ಐದು ನಿಮಿಷವಿರುವಾಗ ಮನೆಯೊಳಗೆ ಗಸ್ತು ಹೊರಟೆ. ಗಂಟೆ ನಾಲ್ಕಾಯಿತು. ಮುಂದಿನ ಕೋಣೆಯಲ್ಲಿ ಕಫ ಸಣ್ಣಗಿತ್ತು. ಊಟದ ಮೇಜಿನ ಹತ್ತಿರ ದೊಡ್ಡದಾಯಿತು. ಹಿಂದಿನ ಕೋಣೆಯ ಬಾಗಿಲಿಗೆ ಬಂದಾಗ ಟ್ರಾನ್ಸಿಸ್ಟರ್ ನನ್ನ ಕೈಯಲ್ಲೇ ವಾಂತಿ ಮಾಡಿಕೊಳ್ಳುವ ಹಾಗೆ ಬಡಿದುಕೊಳ್ಳುತ್ತಿತ್ತು.

ಬಾಗಿಲು ತೆರೆದೆ. ನಾಲ್ಕು ತಿಂಗಳಿಂದ ಆ ಬಾಗಿಲು ನಾನು ತೆರೆದಿರಲಿಲ್ಲ, ಆ ಕೋಣೆಯಲ್ಲಿ ನನಗೇನು ಕೆಲಸ. ನಿನ್ನ ಅಕ್ಕ ಕುರ್ಚಿಯ ಮೇಲೆ ಕೂತು ಒಂದು ಹರಿದ ರಿಜಿಸ್ಟರಿಗೆ ದಾರ ಹಾಕುತ್ತಿದ್ದಳು. ಮಾಸ್ಕು ಮೊಳೆಯ ಮೇಲಿತ್ತು. ಗಿಡದ ಮೇಲೆ ಮಂಜು ಬೀಳುತ್ತಿತ್ತು. ತಲೆಯೆತ್ತದೆ, 'ಇನ್ನು ನಾಲ್ಕು ನಿಮಿಷ ಇದೆ. ಮುಗಿದಮೇಲೆ ಚಹಾ ಮಾಡ್ತೀನಿ' ಅಂದಳು.

'ಇವನು ಗೃಹಸ್ಥ. ಆ ಇನ್ನೊಬ್ಬ?' ಅಂದೆ.

'ಅದೂ ನಾನೇ ಕಣ್ರೀ. ಎರಡು ಆಳು ಇಟ್ಕೊಳ್ಳೋಷ್ಟು ಜಾಗ ಎಲ್ಲಿದೆ ಇಲ್ಲಿ' ಅಂದಳು.

ಮರುದಿನವೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಎಷ್ಟು ದಿನಕ್ಕೊಮ್ಮೆ ಉಸಿರು ಕಟ್ಟುತ್ತದೆ ಎಂದು ಕೇಳಿದರು. ನಿನ್ನ ಅಕ್ಕ, ಅಪರೂಪಕ್ಕೆ, ಎಂದು ಶುರುಮಾಡಿದಳು. ನಾನು ಚೀಲದಿಂದ ದಾಖಲೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ನಾಲ್ಕು ಗಂಟೆಯದನ್ನೆಲ್ಲ ಹೊಡೆದುಹಾಕಿದ್ದೆ. ಮಿಕ್ಕದ್ದು ದಿನ, ಗಂಟೆ, ನಿಮಿಷ, ಎಷ್ಟು ಸಲ ನಿಂತು ಶುರುವಾಯಿತು, ಎಲ್ಲ ಇತ್ತು. ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ಗಂಡನನ್ನು ತಾವು ನೋಡಿಲ್ಲ ಎಂದು ಅವರು ಹೇಳುವಾಗ ನನಗೆ ಆದದ್ದನ್ನು ನಾನು ಬರೆಯಲಾರೆ. ಆಮೇಲೆ ಅವರು ಪುಟ ತಿರುಗಿಸಿದರು. ನನ್ನ ಅಭಿಪ್ರಾಯಗಳಿದ್ದ ಬಲಗಡೆಯ ಕಾಲಂ ನಾನು ಹರಿಯಲೂ ಇಲ್ಲ, ಅಳಿಸಲೂ ಇಲ್ಲ. ಅಳಿಸಿದರೆ ಅದು ಇನ್ನೊಂದು ಕಳ್ಳತನ ಆಗುತ್ತಿತ್ತು. ಸ್ವಲ್ಪ ಹೊತ್ತು ಓದಿದರು. 'ಈ ದರಿದ್ರದವನು ಅಂದ್ರೆ ಯಾರು?' ಅಂದರು.

ನಾನು, ಇದನ್ನು ಬರೆದವನು ಎಂದೆ. ನಿನ್ನ ಅಕ್ಕ ನಕ್ಕಳು. ನಕ್ಕು ನಕ್ಕು ಕೆಮ್ಮು ಹತ್ತಿತು, ಮಾಸ್ಕು ಹಾಕಬೇಕಾಯಿತು. ಹಡಗಿನಲ್ಲಿ ಯಾರಾದರೂ ಸಹಾಯಕ್ಕೆ ಕೂಗಿದರೆ ಕೇಳಿಸಿಕೊಂಡು ಉತ್ತರ ಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಅದಕ್ಕೇ ಮೂವತ್ತೊಂದು ವರ್ಷ ಸಂಬಳ ತಿಂದೆ. ನಾಲ್ಕು ತಿಂಗಳು ಒಂದು ಗೋಡೆಯಾಚೆಯಿಂದ ಬಂದ ಕೂಗನ್ನು ಕೇಳಿಸಿಕೊಂಡು, ನಿಮಿಷ ಸಮೇತ ಬರೆದುಕೊಂಡು, ಬೈದು ಮಲಗಿದೆ. ಕನ್ನಡಿ ನೋಡಿ ಗಡ್ಡ ಹೆರೆಯುವಾಗ ಎದುರಿನವನ ಮೇಲೆ ಉಗುಳಬೇಕೆನಿಸುತ್ತದೆ. ಕನ್ನಡಿ ಒರೆಸುವ ಕೆಲಸವೂ ನನ್ನದೇ ಆದ್ದರಿಂದ ಉಗುಳಿಲ್ಲ.

ಡಾಕ್ಟರಮ್ಮ ಔಷಧಿ ಬದಲಿಸಿದ್ದಾರೆ, ಬೈಂಡಿನ ಕೆಲಸ ಬಿಡಿಸಿದ್ದಾರೆ. ಲೈಬ್ರರಿಯವರು ಪುಸ್ತಕ ಕೊಡುವ ಕಟಕಟೆಯಲ್ಲಿ ಕೂರಿಸಿದ್ದಾರೆ. ಪೂರ್ತಿ ವಾಸಿಯಾಗುವ ರೋಗವಲ್ಲವಂತೆ. ಈ ತಿಂಗಳು ಇಲ್ಲಿಯವರೆಗೆ ಆರು ಸಲ. ಈಗ ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಬಲಗಡೆಯ ಕಾಲಂನಲ್ಲಿ ಅಭಿಪ್ರಾಯ ಬರೆಯುವ ಹಕ್ಕನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ಮೊನ್ನೆ ಬರೆದಿದ್ದಾಳೆ: 'ಪಕ್ಕದಲ್ಲಿ ಕೂತವರು ಉಸಿರು ಬಿಗಿಹಿಡಿದಿದ್ದರು. ಇಬ್ಬರಿಗೂ ಯಂತ್ರ ಬೇಕಾದೀತು.'

ನಮ್ಮ ಸಂಘದ ಸುದ್ದಿ ಕೇಳಿದರೆ ನಿನಗೂ ಓಕರಿಕೆ ಬರುತ್ತದೆ. ಕಫವನ್ನು ಹಿಂತೆಗೆದುಕೊಳ್ಳುತ್ತೇನೆಂದು ಮಾರ್ಚ್ ಹತ್ತಕ್ಕೇ ಬರೆದೆ. ಅಧ್ಯಕ್ಷರ ಉತ್ತರ ಬಂತು: ತಡವಾಯಿತು, ಈಗಾಗಲೇ ಇಬ್ಬರು ಸದಸ್ಯರು ಕಫವನ್ನು ಕೇಳಿದ್ದಾಗಿ ಅಂಚೆಯಲ್ಲಿ ತಿಳಿಸಿದ್ದಾರೆ. ಒಬ್ಬ ಆರುನೂರು ಮೈಲಿಯಾಚೆಯವನು, ಇನ್ನೊಬ್ಬ ಸಮುದ್ರದಾಚೆಯವನು. ನನ್ನ ಹೆಂಡತಿ ಉಸಿರು ಕಟ್ಟಿ ಒದ್ದಾಡಿದ್ದು ನನಗೆ ಕೇಳಿಸದಿದ್ದರೂ ಸಮುದ್ರದಾಚೆ 'ಬಲು ಸ್ಪಷ್ಟವಾಗಿ' ಕೇಳಿಸಿತಂತೆ. ಎರಡು ಕಿವಿ ಒಪ್ಪಿದಮೇಲೆ ಹಿಂತೆಗೆಯಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಅದು ನೆಬ್ಯುಲೈಸರ್ ಎಂದು ಮತ್ತೆ ಬರೆದೆ. ಹಾಗಾದರೆ ಅದನ್ನು ಇನ್ನೊಬ್ಬರು ದೃಢಪಡಿಸಬೇಕು ಎಂದರು. ಮೂವತ್ತೊಂದನೆಯ ತಾರೀಖು ಕಫ ಪಟ್ಟಿಗೆ ಸೇರಿತು, ನನಗೆ ಪ್ರಶಸ್ತಿಪತ್ರ ಬಂತು. ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಅದರಲ್ಲೇ, ಗರಗಸವನ್ನು ಪತ್ತೆಮಾಡಿದವನು ನೀನು, ನಾನು ಕದ್ದೆ, ಎಂದೂ ಬರೆದೆ. ಜಾಗ ಸಾಲದೆ ಹೋಗಿರಲಿಲ್ಲ. ಅಚ್ಚು ಮಾಡುತ್ತಾರೋ ಇಲ್ಲವೋ ಕಾಣೆ. ನೀನು ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನ್ನ ಇಷ್ಟ.

ಕೇಳುವುದು ಬೇರೆ ಒಂದಿದೆ. ಯಂತ್ರವನ್ನು ದಿನಾ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಜೋಡಿಸುವ ಕೆಲಸ ನನಗೆ ಸಿಕ್ಕಿದೆ. ನಿನ್ನ ಅಕ್ಕ ಹಿಂದೆ ನಿಂತು, ಸ್ವಲ್ಪವೂ ನಂಬಿಕೆಯಿಲ್ಲದೆ ನೋಡುತ್ತಿರುತ್ತಾಳೆ. ಔಷಧಿ ಹಾಕುವ ಬಟ್ಟ‌ಲಿನ ಕೆಳಗಿರುವ ರಬ್ಬರ್ ಉಂಗುರ ಸಡಿಲವಾಗಿದೆ, ಮೂರು ದಿನದಿಂದ ನೀರು ಜಿನುಗುತ್ತಿದೆ. ಇಲ್ಲಿನ ಅಂಗಡಿಗಳಲ್ಲಿ ಆ ಅಳತೆಯದು ಇಲ್ಲ. ಈ ಹಾಳೆಯ ಹಿಂಬದಿಯಲ್ಲಿ ಉಂಗುರವನ್ನಿಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದಿದ್ದೇನೆ, ಒಳಗಿನದೂ ಹೊರಗಿನದೂ. ನೋಡಿ, ನಾಳೆಯ ಅಂಚೆಗೇ ಎರಡು ಕಳಿಸು. ಒಂದು ಹಾಕಲು, ಒಂದು ನಾನು ಕಳೆದುಹಾಕಲು.

ಇತಿ,
ನಿನ್ನ ಭಾವ